ತಲೆಗೆ ಮೂರು ರೊಟ್ಟಿ, ಮೂರು ಸೌಟು ಅನ್ನ

ಗಣಿತದ ಪುಸ್ತಕದಲ್ಲಿ ಸರಾಸರಿಯಷ್ಟು ಸಾಧು ಪಾಠ ಇನ್ನೊಂದಿಲ್ಲ. ಇರುವ ಸಂಖ್ಯೆಗಳನ್ನೆಲ್ಲ ಕೂಡಿಸಬೇಕು, ಎಷ್ಟು ಸಂಖ್ಯೆಗಳಿವೆಯೋ ಅಷ್ಟರಿಂದ ಭಾಗಿಸಬೇಕು, ಬಂದದ್ದನ್ನು ಬರೆದು ಕೆಳಗೆ ಎರಡು ಗೆರೆ ಎಳೆಯಬೇಕು. ಪ್ರಮೇಯದ ಹಾಗೆ ಸಾಧನೆ ಕೇಳುವುದಿಲ್ಲ, ಬೀಜಗಣಿತದ ಹಾಗೆ ವೇಷ ಬದಲಿಸುವುದಿಲ್ಲ. ಇರಕಲ್ಲಗಡದ ಹತ್ತಿರದ ಹೈಸ್ಕೂಲೊಂದರಲ್ಲಿ ಗಣಿತದ ಮಾಸ್ತರನಾಗಿರುವ ನಾನು ಇದನ್ನು ಕಣ್ಣು ಮುಚ್ಚಿಕೊಂಡು ಕಲಿಸುತ್ತಿದ್ದೆ. ಕಣ್ಣು ಮುಚ್ಚಿಕೊಂಡು ಎಂಬುದನ್ನು ಓದುಗರು ದಯವಿಟ್ಟು ನೆನಪಿನಲ್ಲಿಡಬೇಕು.

ಈ ವರ್ಷ ಒಂಬತ್ತನೇ ತರಗತಿಯಲ್ಲಿ ಪಾಠ ಮುಗಿಸಿ ಕೈಗೆ ಹತ್ತಿದ ಸುಣ್ಣ ಝಾಡಿಸಿಕೊಳ್ಳುತ್ತಿದ್ದಾಗ ರೇಣುಕಾ ಎಂಬ ಹುಡುಗಿ ಎದ್ದು ನಿಂತಳು.

"ಸರ್ರ, ಈ ಸರಾಸರಿ ತಗದು ಏನ್ ಮಾಡೋದ್ರಿ?"

"ಪರೀಕ್ಷಾದಾಗ ಬರ್ತೈತಿ."

"ಪರೀಕ್ಷಾ ಮುಗದ ಮ್ಯಾಲ ರೀ?"

ಪುಸ್ತಕದಲ್ಲಿದ್ದ ಉದಾಹರಣೆ ಒಬ್ಬ ಬ್ಯಾಟ್ಸ್‌ಮನ್ ಹೊಡೆದ ರನ್ನುಗಳದು. ರೇಣುಕಾಗೆ ಆ ಬ್ಯಾಟ್ಸ್‌ಮನ್‌ನ ಯೋಗಕ್ಷೇಮದಲ್ಲಿ ಆಸಕ್ತಿ ಇರಲಿಲ್ಲ. ಇಡೀ ತರಗತಿ ನನ್ನ ಮುಖ ನೋಡುತ್ತಿತ್ತು. ಮಾಸ್ತರನಾದವನಿಗೆ ಇಂಥ ಹೊತ್ತಿನಲ್ಲಿ ಒಂದು ಆವೇಶ ಬರುತ್ತದೆ. "ನಿಜವಾದ ಲೆಕ್ಕ ತರ್ತೀನಿ. ನಮ್ಮ ಜೀವನದಾಗಿಂದು. ಸರಾಸರಿ ಎದಕ್ಕ ಬರ್ತೈತಿ ಅಂತ ಕಣ್ಣಾರೆ ನೋಡೀರಂತ" ಎಂದು ಘೋಷಿಸಿದೆ.

ಜೀವನ ಅಂಥದೊಂದು ಲೆಕ್ಕವನ್ನು ಮನೆಯಲ್ಲಿ ತಯಾರಾಗಿಯೇ ಇಟ್ಟಿತ್ತು.

ನನ್ನ ಹೆಂಡತಿ ಗಿರಿಜಾಳ ತವರು ಕುಷ್ಟಗಿ ಕಡೆಯ ಒಂದು ಹಳ್ಳಿ. ಅವಳ ತಂಗಿ ಸವಿತಾಳ ನಿಶ್ಚಿತಾರ್ಥ ಗೊತ್ತಾಗಿತ್ತು. ಹುಡುಗ ವಿದ್ಯುತ್ ಇಲಾಖೆಯಲ್ಲಿ ಲೈನ್‌ಮನ್, ನವಲಿಯವನು, ಮನೆಯಲ್ಲಿ ಭತ್ತದ ಗದ್ದೆ. ಸವಿತಾಗೆ ಹುಡುಗ ಮನಸ್ಸಿಗೆ ಬಂದಿದ್ದ. ಈ ಹಿಂದೆ ಅವಳಿಗೆ ಬಂದಿದ್ದ ಒಂದು ಒಳ್ಳೆಯ ಸಂಬಂಧ, ಬೀಗರನ್ನು ಬಸ್ ಸ್ಟ್ಯಾಂಡಿಗೆ ಹೋಗಿ ಯಾರೂ ಕರೆತರಲಿಲ್ಲ ಎಂಬ ಒಂದೇ ಕಾರಣಕ್ಕೆ ಮುರಿದುಬಿದ್ದಿತ್ತು. ಆದ್ದರಿಂದ ಈ ಸಲ ಎಲ್ಲರೂ ಉಸಿರು ಬಿಗಿಹಿಡಿದು ಓಡಾಡುತ್ತಿದ್ದರು.

ಕಾರ್ಯಕ್ರಮ ಕೊಪ್ಪಳದ ನಮ್ಮ ಮನೆಯಲ್ಲಿ ಎಂದು ಮಾವನವರು ತೀರ್ಮಾನಿಸಿದರು. ಕೊಪ್ಪಳ ಕುಷ್ಟಗಿಯವರ ದಾರಿಯಲ್ಲೂ ಇಲ್ಲ, ನವಲಿಯವರ ದಾರಿಯಲ್ಲೂ ಇಲ್ಲ. ಆದರೆ ಇಬ್ಬರಿಗೂ ಹೆಚ್ಚುಕಡಿಮೆ ಸಮನಾಗಿ ದೂರ. ಅದೇ ನ್ಯಾಯ ಎಂದರು. ಯಾರಿಗೂ ಅನುಕೂಲವಾಗದ ನಡುಬಿಂದುವನ್ನು ನಮ್ಮ ಕುಟುಂಬ ಆಗಲೇ ಒಮ್ಮೆ ಕಂಡುಹಿಡಿದಿತ್ತು. ಅದು ನನಗೆ ಎಚ್ಚರಿಕೆ ಎಂದು ಹೊಳೆಯಲಿಲ್ಲ.

"ಊಟದ ಜವಾಬ್ದಾರಿ ನನಗ ಬಿಡ್ರಿ" ಎಂದೆ. ಮಾವನವರು ಸಂತೋಷಪಟ್ಟರು. ಗಿರಿಜಾ ಪಡಲಿಲ್ಲ.

"ಅಡಗಿಯವರಿಗೆ ಎಷ್ಟು ಮಂದಿ, ಯಾವ ಊರವರು ಅಂತ ಹೇಳಿಬಿಡ್ರಿ ಸಾಕು" ಎಂದಳು. "ರೊಟ್ಟಿ ಎಷ್ಟು, ಅನ್ನ ಎಷ್ಟು ಅನ್ನೋದು ಅವರು ನೋಡ್ಕೊಂತಾರ."

"ಅಂದಾಜಿನ ಮ್ಯಾಲ ಮಾಡಿದ್ರ ಒಂದೋ ಉಳಿತೈತಿ, ಇಲ್ಲಾ ಕಡಿಮಿ ಬೀಳ್ತೈತಿ. ಲೆಕ್ಕ ಹಾಕಿ ಮಾಡೂಣು."

ಸವಿತಾ ಮಾತ್ರ ಹತ್ತಿರ ಬಂದು ಮೆಲ್ಲಗೆ ಹೇಳಿದಳು. "ಮಾಮಾ, ನೀವು ಹೆಂಗರ ಮಾಡ್ರಿ. ಅವರು ಹೊಟ್ಟಿ ತುಂಬ ಉಂಡು, ನಕ್ಕೋತ ಹೋಗಬೇಕು ನೋಡ್ರಿ."

ನಮ್ಮಲ್ಲಿ ಊಟವಾದ ಮೇಲೆ ಎಲೆಯಡಿಕೆ ಹಾಕಿಕೊಂಡು ಹಿರಿಯರು ಮದುವೆಯ ದಿನ ಗೊತ್ತುಮಾಡುವುದು ರೂಢಿ. ಅರೆಹೊಟ್ಟೆಯಲ್ಲಿ ಕೂತ ಬೀಗರು ಯಾವ ದಿನ ತೋರಿಸಿದರೂ ಸರಿಯಿಲ್ಲ ಎನ್ನುತ್ತಾರೆ. ಇದು ಸವಿತಾಗೆ ಗೊತ್ತಿತ್ತು. ನನಗೂ ಗೊತ್ತಿತ್ತು. "ಒಂದ್ ತುತ್ತು ಹೆಚ್ಚಿಲ್ಲ, ಒಂದ್ ತುತ್ತು ಕಮ್ಮಿ ಇಲ್ಲ" ಎಂದು ಅವಳಿಗೆ ಭರವಸೆ ಕೊಟ್ಟೆ.

ಮಾಹಿತಿ ಸಂಗ್ರಹ ಶುರುವಾಯಿತು. ಪಕ್ಷಪಾತ ಆಗಬಾರದೆಂದು ನಮ್ಮ ಕಡೆಯ ಐವರು, ಬೀಗರ ಕಡೆಯ ಐವರು ಎಂದು ಆರಿಸಿಕೊಂಡು ಸ್ಟಾಫ್ ರೂಮಿನಿಂದ ಫೋನ್ ಮಾಡಿದೆ. ಮೊದಲ ಕರೆ ನನ್ನ ಅತ್ತೆಯವರ ಅಣ್ಣ ಶರಣಪ್ಪನವರಿಗೆ.

"ಮಾವಾರ, ನೀವು ಒಂದು ಊಟಕ್ಕ ಎಷ್ಟು ರೊಟ್ಟಿ ತಿಂತೀರಿ?"

"ಬಿಸಿ ರೊಟ್ಟಿಯೋ, ಖಡಕ್ ರೊಟ್ಟಿಯೋ?"

"ಬಿಸೇವು."

"ಬಿಸೇವಾದ್ರ ಏಳು. ಬದನಿಕಾಯಿ ಎಣಗಾಯಿ ಇದ್ರ ನಾ ಎಣಸೋದಿಲ್ಲಪಾ."

ಏಳು ಎಂದು ಬರೆದುಕೊಂಡೆ. ಅನ್ನ? ಕಡೆಗೆ ಮಜ್ಜಿಗೆಯೊಂದಿಗೆ ಒಂದು ಸೌಟು, ಅದೂ ಶಾಸ್ತ್ರಕ್ಕೆ.

ಬೀಗರ ಕಡೆ ಹಿರಿಯರೆಂದರೆ ಹುಡುಗನ ದೊಡ್ಡಪ್ಪ ಹನುಮಂತಪ್ಪನವರು. ಮಾತು ಕಡಿಮೆ. ನಮಸ್ಕಾರ, ಕ್ಷೇಮಸಮಾಚಾರ ಮುಗಿಸಿ, "ತಾವು ಒಂದು ಊಟಕ್ಕ ಎಷ್ಟು ತಿಂತೀರಿ?" ಎಂದು ನೇರವಾಗಿ ಕೇಳಿದೆ. ಅವರು ಆ ಕಡೆ ಟ್ರ್ಯಾಕ್ಟರ್ ಬಂದ್ ಮಾಡಿದ್ದು ಕೇಳಿಸಿತು.

"ಯಾಕ್ರಿ ಮಾಸ್ತರ?"

"ಲೆಕ್ಕಕ್ಕರಿ."

"ರೊಟ್ಟಿ ನಮಗ ರೂಢಿ ಇಲ್ರಿ. ನಾವು ಅನ್ನ ಉಣ್ಣೋ ಮಂದಿ. ಆರು ಸೌಟು ಹಿಡೀರಿ." ಸ್ವಲ್ಪ ತಡೆದು ದನಿ ತಗ್ಗಿಸಿದರು. "ಅಕ್ಕಿದೇನರ ಅಡಚಣಿ ಐತೇನ್ರಿ? ನಾಚಬ್ಯಾಡ್ರಿ. ಮನ್ಯಾಗ ಅದಾವು, ತರ್ತೀವಿ."

ಊಟಕ್ಕೆ ಕರೆದ ಮನೆಯವರಿಗೆ ಬೀಗರು ಹೀಗೆ ಹೇಳಿದರೆ ಬೇರೆ ಯಾರಾದರೂ ಅಲ್ಲೇ ನಿಂತು ಯೋಚಿಸುತ್ತಿದ್ದರು. ನಾನು "ಭಾಳ ಛಲೋ ಮಾತಾಡ್ತೀರಿ" ಎಂದು ನಕ್ಕು, ಆರು ಎಂದು ಬರೆದುಕೊಂಡು ಫೋನ್ ಇಟ್ಟೆ.

ಮರುದಿನ ಹಲಗೆಯ ಮೇಲೆ ಹತ್ತು ಜನರ ರೊಟ್ಟಿ ಸಾಲಾಗಿ ನಿಂತವು. ಏಳು, ಆರು, ಐದು, ಆರು, ಐದು, ಸೊನ್ನೆ, ಸೊನ್ನೆ, ಒಂದು, ಸೊನ್ನೆ, ಸೊನ್ನೆ. ಮಾಸ್ತರರ ನಾದಿನಿಯ ನಿಶ್ಚಿತಾರ್ಥದ ಊಟ ತಾವೇ ಲೆಕ್ಕ ಹಾಕುವುದೆಂದು ಗೊತ್ತಾದೊಡನೆ ತರಗತಿಗೆ ಎಲ್ಲಿಲ್ಲದ ಹುರುಪು ಬಂತು. ಹಿಂದಿನ ಬೆಂಚಿನವರು ಸಹ ಪೆನ್ನು ಹುಡುಕಿದರು.

ಮಂಜುನಾಥ ಮೊದಲು ಕೈ ಎತ್ತಿ ಐದು ಎಂದ. ಅವನು ಸೊನ್ನೆಗಳನ್ನು ಬಿಟ್ಟು, ಮೂವತ್ತನ್ನು ಆರರಿಂದ ಭಾಗಿಸಿದ್ದ.

"ಸೊನ್ನೀನೂ ಒಂದು ಸಂಖ್ಯಾನ ಹೌದಿಲ್ಲೋ? ತಿನ್ನಲಾರದಾಂವ ಮನಿಗೆ ಬಂದಿಲ್ಲೇನು?" ಎಂದು ಅವನನ್ನು ತಿದ್ದಿ, ಹತ್ತರಿಂದ ಭಾಗಿಸಿ ಮೂರು ಬರೆಸಿದೆ. ಮಂಜುನಾಥನ ತಪ್ಪು ಉತ್ತರದಂತೆ ನಡೆದಿದ್ದರೆ ನನ್ನ ಮಾನ ಅರ್ಧವಾದರೂ ಉಳಿಯುತ್ತಿತ್ತು ಎಂದು ಈಗ ಅನ್ನಿಸುತ್ತದೆ. ಗಣಿತದಲ್ಲಿ ಹಾಗೆ ಅನ್ನಿಸಬಾರದು.

ಅನ್ನದ ಲೆಕ್ಕವೂ ಮೂರು ಸೌಟಿಗೇ ಬಂದು ನಿಂತಿತು. ಎಷ್ಟು ಚೆಂದ! ದಶಮಾಂಶವಿಲ್ಲ, ಶೇಷವಿಲ್ಲ. ಇದೇ ಹುಮ್ಮಸ್ಸಿನಲ್ಲಿ ವಿಚಲನೆಯನ್ನೂ ಹೇಳಿಕೊಟ್ಟೆ. ಏಳು ತಿನ್ನುವವರು ಸರಾಸರಿಗಿಂತ ನಾಲ್ಕು ಮೇಲೆ, ಸೊನ್ನೆಯವರು ಮೂರು ಕೆಳಗೆ. ಮೇಲಿನವನ್ನೆಲ್ಲ ಕೂಡಿಸಿದರೆ ಹದಿನಾಲ್ಕು, ಕೆಳಗಿನವನ್ನು ಕೂಡಿಸಿದರೂ ಹದಿನಾಲ್ಕು. ಎರಡೂ ಸೇರಿ ಸೊನ್ನೆ. "ನೋಡ್ರಿ, ಒಬ್ಬರ ಹೆಚ್ಚು ಇನ್ನೊಬ್ಬರ ಕಮ್ಮಿಗೆ ವಜಾ. ಇದ ಸರಾಸರಿಯ ಮಹಿಮಾ" ಎಂದೆ.

ರೇಣುಕಾ ಮತ್ತೆ ಎದ್ದಳು. "ಸರ್ರ, ಇದರಾಗ ಮೂರು ತಿನ್ನೋರು ಒಬ್ಬರೂ ಇಲ್ಲಲ್ರಿ."

"ಸರಾಸರಿ ಅಂದ್ರ ಒಬ್ಬರದಲ್ಲವಾ, ಎಲ್ಲಾರದೂ. ಕೂತ್ಕೋ."

ಅವಳು ಕೂತಳು. ಒಪ್ಪಿ ಕೂತಂತೆ ಕಾಣಲಿಲ್ಲ.

ಎರಡೂ ಕಡೆಯವರು ಸೇರಿ ಎಂಬತ್ತು ಜನ, ಅರ್ಧ ಅವರು, ಅರ್ಧ ನಾವು. ಇನ್ನೂರ ನಲವತ್ತು ರೊಟ್ಟಿ ಹೇಳಿದೆ, ಇನ್ನೂರ ನಲವತ್ತು ಸೌಟು ಅನ್ನಕ್ಕೆ ಎಷ್ಟು ಅಕ್ಕಿ ಬೇಕೋ ಅಷ್ಟನ್ನೇ ಅಳೆಸಿದೆ. ಇಷ್ಟಕ್ಕೇ ಬಿಟ್ಟಿದ್ದರೆ ಈ ಬರಹದ ಅಗತ್ಯವೇ ಬರುತ್ತಿರಲಿಲ್ಲ. ಆದರೆ ನನ್ನೊಳಗೆ ಒಬ್ಬ ಸುಧಾರಕ ಎದ್ದಿದ್ದ. ನಮ್ಮ ಕಡೆ ಪಂಕ್ತಿಯಲ್ಲಿ ಬುಟ್ಟಿ ಹಿಡಿದವರು ಸುತ್ತುತ್ತಲೇ ಇರುತ್ತಾರೆ. ಸಾಕು ಎಂದರೆ ಇನ್ನೊಂದು, ಕೈ ಅಡ್ಡ ಹಿಡಿದರೆ ಕೈ ಮೇಲೆ ಇನ್ನೊಂದು. ಅನ್ನ ಹಾಳಾಗುವುದಕ್ಕೆ ಈ ಒತ್ತಾಯವೇ ಮೂಲ ಎಂದು ನನ್ನ ಅಭಿಪ್ರಾಯ. ಆದ್ದರಿಂದ ಬಡಿಸುವವರು ಸುತ್ತುವಂತಿಲ್ಲ. ಪ್ರತಿ ತಾಟಿಗೂ ಮೊದಲೇ ಮೂರು ರೊಟ್ಟಿ, ಎಣಗಾಯಿ, ಹುಗ್ಗಿ, ಮೂರು ಸೌಟು ಅನ್ನ ಹಾಕಿ ತಯಾರಿಡುವುದು. ಬಂದವರು ಕೂರುವುದು, ಉಣ್ಣುವುದು, ಏಳುವುದು.

"ನವಲಿಯವರ ತಾಟಿನ್ಯಾಗ ಮೂರು ರೊಟ್ಟಿ ಯಾರು ತಿಂತಾರ್ರಿ?" ಎಂದು ಗಿರಿಜಾ ಕೇಳಿದಳು.

"ಅವರು ತಿನ್ನೂದಿಲ್ಲ ಅನ್ನೋದೂ ಲೆಕ್ಕದಾಗ ಬಂದೈತಿ."

"ಲೆಕ್ಕದಾಗ ಬಂದೈತಿ ಖರೆ. ಹೊಟ್ಟ್ಯಾಗ ಬರಬೇಕಲ್ರಿ?"

ಅವಳು ಬಿ.ಎ. ಓದಿದವಳು, ಗಣಿತದ ಹಿನ್ನೆಲೆಯಿಲ್ಲ ಎಂದು ಸುಮ್ಮನಾದೆ.

ನಿಶ್ಚಿತಾರ್ಥದ ದಿನ ಬೀಗರನ್ನು ಕರೆತರಲು ಬಸ್ ಸ್ಟ್ಯಾಂಡಿಗೆ ಆರು ಜನ ಹೋದರು. ಬೀಗರು ಜೀಪಿನಲ್ಲಿ, ಟೆಂಪೋದಲ್ಲಿ ನೇರ ಮನೆಗೇ ಬಂದಿಳಿದರು. ಆದರೂ ಶಾಸ್ತ್ರಗಳು ಸರಾಗವಾಗಿ ಮುಗಿದವು. ಉಡಿ ತುಂಬಿದರು, ಉಂಗುರ ತೊಡಿಸಿದರು, ಸಕ್ಕರೆ ಹಂಚಿದರು. ಹುಡುಗ ಸವಿತಾಳತ್ತ ನೋಡಿದ, ಸವಿತಾ ಫ್ಯಾನಿನತ್ತ ನೋಡಿದಳು. ಎಲ್ಲ ಸರಿಯಾಗಿತ್ತು.

ಬೀಗರಿಗೆ ಕೆಳಗೆ ಪಡಸಾಲೆಯಲ್ಲಿ, ನಮ್ಮವರಿಗೆ ಮೇಲೆ ಮಾಳಿಗೆಯ ಮೇಲೆ ಶಾಮಿಯಾನದ ಕೆಳಗೆ ಊಟ. ಎರಡೂ ಪಂಕ್ತಿ ಒಂದೇ ಹೊತ್ತಿಗೆ. ಅಡುಗೆಮನೆಯಲ್ಲಿ ರೊಟ್ಟಿಯ ಬುಟ್ಟಿ ಖಾಲಿ, ಅನ್ನದ ಪಾತ್ರೆ ಖಾಲಿ. ಒಂದು ಅಗುಳು ಹೆಚ್ಚಿಲ್ಲ. ಖಾಲಿ ಪಾತ್ರೆಯನ್ನು ನಾನು ತೃಪ್ತಿಯಿಂದ ಬೋರಲು ಹಾಕಿಸಿದೆ.

ಮೊದಲ ಕೂಗು ಮಾಳಿಗೆಯಿಂದ ಬಂತು.

"ಏ, ರೊಟ್ಟಿ ತರ್ರೋ!"

ಶರಣಪ್ಪ ಮಾವನ ದನಿ. ಅವರ ಮೂರು ರೊಟ್ಟಿ ಮುಗಿದು ಎಣಗಾಯಿ ಹಾಗೇ ಉಳಿದಿತ್ತು. ಅವರ ಪಕ್ಕದವರದೂ, ಅವರ ಪಕ್ಕದವರದೂ ಅದೇ ಸ್ಥಿತಿ. ಅನ್ನದ ಗುಡ್ಡವನ್ನು ಎಲ್ಲರೂ ತಾಟಿನ ಒಂದು ಬದಿಗೆ ಸರಿಸಿ ಬಾಗಿಲ ಕಡೆ ನೋಡುತ್ತಿದ್ದರು. ಬಂದೆ ಎಂದು ಕೆಳಗಿಳಿದೆ.

ಕೆಳಗೆ ಯಾರೂ ಕೂಗುತ್ತಿರಲಿಲ್ಲ. ಬೀಗರು ಕೂಗುವುದಿಲ್ಲ, ಅವರೆಂದರೆ ಭಯ ಇರುವುದೇ ಅದಕ್ಕೆ. ಮೂರು ಸೌಟು ಅನ್ನ ಮುಗಿಸಿ, ಬೆರಳಿನಿಂದ ತಾಟಿನಲ್ಲಿ ಗೆರೆ ಎಳೆಯುತ್ತ ಕೂತಿದ್ದರು. ರೊಟ್ಟಿಗಳು ಮುಟ್ಟದೆ ಹಾಗೇ ಇದ್ದವು. ಒಬ್ಬ ಹೆಣ್ಣುಮಗಳು ಮಗುವಿಗೆ ಆಡಲು ಒಂದು ರೊಟ್ಟಿ ಕೊಟ್ಟಿದ್ದಳು. ಹನುಮಂತಪ್ಪನವರು ನನ್ನನ್ನು ನೋಡಿ ತಾಟು ನೋಡಿದರು, ತಾಟು ನೋಡಿ ನನ್ನನ್ನು ನೋಡಿದರು.

"ಅನ್ನ ಬರ್ತೈತೇನ್ರಿ ಮಾಸ್ತರ?"

"ಬಂತ್ರಿ" ಎಂದೆ. ಎಲ್ಲಿಂದ ಬರುತ್ತದೆಂದು ನನಗೂ ಗೊತ್ತಿರಲಿಲ್ಲ.

ಮೆಟ್ಟಿಲ ಮೇಲೆ ನಿಂತು ಎರಡು ಕ್ಷಣ ಯೋಚಿಸಿದೆ. ಮೇಲೆ ನಲವತ್ತು ಜನರಿಗೆ ತಲಾ ಮೂರರಂತೆ ರೊಟ್ಟಿ ಕಡಿಮೆ. ಕೆಳಗೆ ನಲವತ್ತು ತಾಟಿನಲ್ಲಿ ತಲಾ ಮೂರರಂತೆ ರೊಟ್ಟಿ ಹೆಚ್ಚು. ಅನ್ನದ್ದು ಇದರ ಉಲ್ಟಾ. ಕೂಡಿಸಿದರೆ ಸೊನ್ನೆ. ಹಲಗೆಯ ಮೇಲೆ ಏನು ಬರೆದಿದ್ದೆನೋ ಅದೇ ನನ್ನ ಮನೆಯಲ್ಲಿ ಮೇಲೂ ಕೆಳಗೂ ಕೂತು ಊಟಕ್ಕೆ ಕಾಯುತ್ತಿತ್ತು. ಗಣಿತದ ದೃಷ್ಟಿಯಿಂದ ಈ ಮನೆಯಲ್ಲಿ ಯಾರಿಗೂ ಏನೂ ಕೊರತೆ ಇರಲಿಲ್ಲ.

ಹಾಗಾದರೆ ಉಪಾಯ ಸುಲಭ, ಕೆಳಗಿನ ರೊಟ್ಟಿ ಮೇಲಕ್ಕೆ, ಮೇಲಿನ ಅನ್ನ ಕೆಳಕ್ಕೆ! ಪಡಸಾಲೆಯ ಮೂಲೆಯ ನಾಲ್ಕಾರು ತಾಟುಗಳಿಂದ, "ಇವು ಆರಿದಾವ್ರಿ, ಬಿಸೇವು ತರ್ತೀನಿ" ಎಂದು ಸುಳ್ಳು ಹೇಳಿ ಒಣಗಿದ್ದ ರೊಟ್ಟಿಗಳನ್ನು ಎತ್ತಿಕೊಂಡು ಪರಾತದಲ್ಲಿಟ್ಟು ಮೆಟ್ಟಿಲು ಹತ್ತಿದೆ. ಅರ್ಧ ಮೆಟ್ಟಿಲಲ್ಲಿ ಅತ್ತೆಯವರು ಎದುರಾದರು.

"ಎಲ್ಲಿಂದ ತಂದ್ರಿ ಇವನ್ನ?"

ಪಡಸಾಲೆಯ ಕಡೆ ಕೈ ತೋರಿಸಿದೆ.

ಅತ್ತೆಯವರು ಸೆರಗನ್ನು ಬಾಯಿಗೆ ಹಿಡಿದರು. "ಬೀಗರ ಮುಂದಿನ ತಾಟಿಂದು ತಂದು ನಮ್ಮ ಅಣ್ಣಗ ಹಾಕ್ತೀರೇನ್ರಿ ಅಳಿಯಂದ್ರ? ಎಂಜಲಾ? ಇವನ್ನ ಮದ್ಲ ಇಲ್ಲೇ ಇಡ್ರಿ. ಯಾರರ ನೋಡ್ಯಾರು."

ಗಣಿತದಲ್ಲಿ ಎಂಜಲು ಎಂಬ ಅಧ್ಯಾಯವಿಲ್ಲ. ಮೂರು ರೊಟ್ಟಿಯಲ್ಲಿ ಒಂದು ಕಳೆದರೆ ಎರಡು ಎಂದು ಪುಸ್ತಕ ಹೇಳುತ್ತದೆ, ಆದರೆ ಒಬ್ಬರ ಮುಂದಿಟ್ಟ ತಾಟಿನಿಂದ ಏನನ್ನೂ ಕಳೆಯಲು ಬರುವುದಿಲ್ಲ. ಪರಾತ ಹಿಡಿದು ನಾನು ಮೆಟ್ಟಿಲ ಮೇಲೆ, ಮೇಲಿನವರಿಗೂ ಕೆಳಗಿನವರಿಗೂ ಸರಿಯಾಗಿ ನಡುವೆ ನಿಂತೆ.

ಅಡುಗೆಮನೆಯ ಬಾಗಿಲಲ್ಲಿ ಸವಿತಾ ನಿಂತಿದ್ದಳು. ಹೊಸ ಸೀರೆ, ಕಣ್ಣಲ್ಲಿ ನೀರು. "ಹ್ವಾದ ಸಲ ಬಸ್ ಸ್ಟ್ಯಾಂಡು" ಎಂದಳು. "ಈ ಸಲ ನೀವು." ಅಷ್ಟು ಹೇಳಿ ಒಳಗೆ ಹೋದಳು. ಅಲ್ಲಿಯತನಕ ನನಗೆ ಮುಜುಗರ ಮಾತ್ರ ಆಗಿತ್ತು, ಆ ಮಾತು ಕೇಳಿ ಪರಾತವನ್ನು ಮೆಟ್ಟಿಲ ಮೇಲೇ ಇಟ್ಟು ಕೆಳಗಿಳಿದೆ.

ಅಷ್ಟರಲ್ಲಿ ಹನುಮಂತಪ್ಪನವರು ತಾಟಿನ ಮುಂದಿನಿಂದ ಎದ್ದು, ಕೈ ತೊಳೆದು, ಸೀದಾ ಹೊರಗೆ ನಡೆದರು. ಮುಗಿಯಿತು, ಜೀಪು ಹತ್ತಿದರು ಎಂದು ಮಾವನವರು ಗೋಡೆ ಹಿಡಿದು ಕೂತರು. ಜೀಪಿನ ಹಿಂಬಾಗಿಲು ತೆಗೆದ ಸದ್ದಾಯಿತು. ಹನುಮಂತಪ್ಪನವರು ಹೆಗಲ ಮೇಲೆ ಅಕ್ಕಿಯ ಚೀಲ ಹೊತ್ತು ಒಳಗೆ ಬಂದರು.

"ಅವತ್ತು ಫೋನಿನ್ಯಾಗ ನೀವು ಕೇಳಿದಾಗನ ನನಗ ಅನುಮಾನ ಬಂದಿತ್ತು" ಎಂದು ಚೀಲವನ್ನು ನನ್ನ ಕಾಲ ಬಳಿ ಇಳಿಸಿದರು. "ಇರ್ಲಿ ಅಂತ ಹಾಕ್ಕೊಂಡು ಬಂದೀನಿ. ಇಡ್ರಿ ಒಲಿ ಮ್ಯಾಲ."

ಬೀಗರ ಅಕ್ಕಿಯಲ್ಲಿ ಬೀಗರ ಊಟಕ್ಕೆ ಎಸರಿಟ್ಟೆವು. ಅನ್ನ ಆಗುವವರೆಗೆ ನಲವತ್ತು ಜನ ಕೈ ಒಣಗಿಸಿಕೊಂಡು ಕೂತಿದ್ದರು. ಯಾರೂ ಮಾತಾಡಲಿಲ್ಲ. ಕುಕ್ಕರಿದ್ದಿದ್ದರೆ ಅದಾದರೂ ಸೀಟಿ ಹೊಡೆಯುತ್ತಿತ್ತು.

ಆಗ ಮೇಲಿನಿಂದ ನಗುವಿನ ಸದ್ದು ಕೇಳಿಸಿತು. ಶರಣಪ್ಪ ಮಾವ ಇಳಿದು ಬಂದರು, ಕೈಯಲ್ಲಿ ಬಿಚ್ಚಿದ ಬುತ್ತಿಯ ಗಂಟು. ಕುಷ್ಟಗಿ ಕಡೆಯವರು ದೂರದ ಊರಿಗೆ ಹೊರಟರೆ ಮದುವೆ ಮನೆಗೇ ಹೊರಟಿದ್ದರೂ ಖಡಕ್ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಳ್ಳದೆ ಬಸ್ಸು ಹತ್ತುವುದಿಲ್ಲ. ನಾಲ್ಕೈದು ಮನೆಯವರ ಬುತ್ತಿ ಬಿಚ್ಚಿದ್ದೇ ಮಾಳಿಗೆಯ ಮೇಲೆ ಊಟ ಮತ್ತೆ ಶುರುವಾಗಿತ್ತು. ಅವರು ಕೆಳಗೆ ಬಂದದ್ದು ಎಣಗಾಯಿ ಇನ್ನೂ ಇದೆಯೇ ಎಂದು ನೋಡಲು. ಅನ್ನ ಮುಗಿದ ತಾಟುಗಳ ಮುಂದೆ ಕೂತ ಬೀಗರನ್ನು ಕಂಡು ಹನುಮಂತಪ್ಪನವರ ಪಕ್ಕದಲ್ಲೇ ಕೂತರು.

"ನಿಮಗೂ ಫೋನ್ ಮಾಡಿದ್ರೇನ್ರಿ ನಮ್ಮ ಮಾಸ್ತರ?"

"ಮಾಡಿದ್ರು. ರೊಟ್ಟಿ ಎಷ್ಟು, ಅನ್ನ ಎಷ್ಟು ಅಂತ."

"ನೀವು ರೊಟ್ಟಿ ಎಷ್ಟು ಹೇಳಿದ್ರಿ?"

"ಸೊನ್ನಿ. ನೀವು?"

"ಏಳು."

ಇಬ್ಬರೂ ತಾಟಿನಲ್ಲಿದ್ದ ಮೂರು ರೊಟ್ಟಿಗಳನ್ನು ನೋಡಿದರು. ಆಮೇಲೆ ನನ್ನನ್ನು ನೋಡಿದರು. ಹನುಮಂತಪ್ಪನವರ ಹೊಟ್ಟೆ ಮೊದಲು ಕುಣಿಯಿತು, ಸದ್ದು ಆಮೇಲೆ ಬಂತು. ಅವರು ನಕ್ಕದ್ದನ್ನು ತಾವು ಹಿಂದೆ ನೋಡಿಯೇ ಇಲ್ಲ ಎಂದು ಅವರ ಹೆಂಡತಿ ನಂತರ ಹೇಳಿದರು. ಪಡಸಾಲೆಯೆಲ್ಲ ನಕ್ಕಿತು, ಮಾಳಿಗೆಯವರು ಯಾಕೆಂದು ಗೊತ್ತಿಲ್ಲದೆ ಇಳಿದು ಬಂದು ಕೇಳಿ ತಿಳಿದುಕೊಂಡು ನಕ್ಕರು. ಒಳಗಿನಿಂದ ಸವಿತಾಳ ನಗು ಕೇಳಿಸಿತು. ಅದೊಂದನ್ನು ಕೇಳಿ ನನಗೂ ಉಸಿರು ಬಂತು.

ಅನ್ನ ಬಂತು. ಎಲೆಯಡಿಕೆಯೂ ಬಂತು. ಮದುವೆಯ ದಿನ ಹಿರಿಯರು ಒಂದೇ ಮಾತಿನಲ್ಲಿ ಗೊತ್ತುಮಾಡಿದರು. ಎರಡೂ ಕಡೆಯವರು ಪೂರ್ಣ ಒಮ್ಮತದಿಂದ ಇನ್ನೊಂದು ನಿರ್ಣಯವನ್ನೂ ತೆಗೆದುಕೊಂಡರು. ಮದುವೆ ಊಟದ ಜವಾಬ್ದಾರಿ ಮಾಸ್ತರರಿಗೆ ಬೇಡ. ತಮ್ಮ ತಮ್ಮ ಊಟವನ್ನು ತಾವೇ ತಂದು ಉಂಡ ಅತಿಥಿಗಳು ಹೊರಡುವಾಗ ನನಗೆ ಕೈ ಮುಗಿದು, "ಭಾಳ ಛಲೋ ಊಟ ಆತ್ರಿ" ಎಂದರು. ತಾಟುಗಳಲ್ಲಿ ಉಳಿದ ರೊಟ್ಟಿ, ಅನ್ನ ಎಲ್ಲ ಎದುರುಮನೆಯ ಎಮ್ಮೆಗಳಿಗೆ ಹೋಯಿತು. ಎಮ್ಮೆಗಳಿಗೆ ರೊಟ್ಟಿಯೂ ನಡೆಯುತ್ತದೆ, ಅನ್ನವೂ ನಡೆಯುತ್ತದೆ. ಅಂದು ನನ್ನ ಸರಾಸರಿ ಅವುಗಳಿಗೆ ಮಾತ್ರ ಸರಿಯಾಗಿ ಹೊಂದಿತ್ತು.

ಸೋಮವಾರ ತರಗತಿಯೊಳಗೆ ಕಾಲಿಡುವ ಮೊದಲೇ ಪ್ರಶ್ನೆ ಬಂತು. "ಸರ್ರ, ನಮ್ಮ ಲೆಕ್ಕ ಸರಿ ಹೊಂದಿತೇನ್ರಿ?"

"ಲೆಕ್ಕ ಸರಿ ಇತ್ತು. ಹಾಕಿದಾಂವ ತಪ್ಪಿದ್ದ" ಎಂದು ನಡೆದದ್ದನ್ನೆಲ್ಲ ಹೇಳಿದೆ. ಮೆಟ್ಟಿಲ ಮೇಲಿನ ಪರಾತದ ಭಾಗವನ್ನು ಎರಡು ಸಲ ಹೇಳಿಸಿದರು. ನಂತರ ಅದೇ ಹತ್ತು ಸಂಖ್ಯೆಗಳನ್ನು ಹಲಗೆಯ ಮೇಲೆ ಬರೆದು, ಐದರ ನಂತರ ಒಂದು ಗೆರೆ ಎಳೆದೆ. ಗೆರೆಯ ಈಚೆಗೆ ಸರಾಸರಿ ಐದು ದಶಮಾಂಶ ಎಂಟು, ಆಚೆಗೆ ಸೊನ್ನೆ ದಶಮಾಂಶ ಎರಡು. ಕೂಡಿಸುವ ಮೊದಲು ಸಂಖ್ಯೆಗಳ ಮುಖ ನೋಡಬೇಕು, ಇದು ಒಂದೇ ಗುಂಪೋ, ಎರಡು ಗುಂಪು ಸೇರಿದ್ದೋ ಎಂದು ಕೇಳಬೇಕು ಎಂದೆ. ಒಟ್ಟು ಎಷ್ಟು ಬೇಕೆಂದು ಸರಾಸರಿ ಹೇಳುತ್ತದೆ, ಯಾರ ತಾಟಿಗೆ ಎಷ್ಟು ಎಂದು ಹೇಳುವುದಿಲ್ಲ ಎಂದೆ. ಯಾವ ವರ್ಷವೂ ಈ ಪಾಠವನ್ನು ಇಷ್ಟು ಚೆನ್ನಾಗಿ ಮಾಡಿರಲಿಲ್ಲ. ರೇಣುಕಾ ಈ ಸಲ ಎದ್ದು ನಿಲ್ಲದೆ ಆ ಗೆರೆಯನ್ನು ತನ್ನ ನೋಟ್‌ಬುಕ್ಕಿನಲ್ಲೂ ಎಳೆದುಕೊಂಡಳು. ಮಂಜುನಾಥ ಮಾತ್ರ ತನ್ನ ಐದಕ್ಕೆ ಈಗಲಾದರೂ ಅರ್ಧ ಅಂಕ ಕೊಡುವಿರಾ ಎಂದು ಕೇಳಿದ. ಕೊಟ್ಟೆ.

ಮನೆಯಲ್ಲಿ ಗಿರಿಜಾ ಬೈಯಲಿಲ್ಲ. ಬೈದಿದ್ದರೆ ಮುಗಿದುಹೋಗುತ್ತಿತ್ತು. ಅಂದಿನಿಂದ ನನ್ನ ತಾಟಿಗೆ ಮೂರು ರೊಟ್ಟಿ, ಮೂರು ಸೌಟು ಅನ್ನ ಹಾಕಿ, ರೊಟ್ಟಿಯ ಬುಟ್ಟಿಗೆ ಬಟ್ಟೆ ಮುಚ್ಚಿ, ಟಿವಿಯ ಮುಂದೆ ಹೋಗಿ ಕೂರುತ್ತಾಳೆ. ಹತ್ತು ಜನರಿಗೆ ಫೋನ್ ಮಾಡಿದವನು ನನ್ನನ್ನು ನಾನೇ ಕೇಳಿಕೊಂಡಿರಲಿಲ್ಲ. ನಾನು ತಿನ್ನುವುದು ಐದು.

ಬುಟ್ಟಿ ಕೈಗೆಟಕುವಷ್ಟು ಹತ್ತಿರದಲ್ಲೇ ಇರುತ್ತದೆ. ಇನ್ನೆರಡು ಕೇಳುವ ಧೈರ್ಯ ಇನ್ನೂ ಬಂದಿಲ್ಲ.